ನಾಜಿರೆ ಹುರಿದ ರವೆ

ಹೆರ್ಟೆನ್‌ಬೆಕ್ ಊರಿನಲ್ಲಿ ಯಾರ ಸೊಂಟ ಎಷ್ಟಿದೆ, ಕಳೆದ ಕ್ರಿಸ್‌ಮಸ್ಸಿನಿಂದ ಈಚೆಗೆ ಎಷ್ಟು ಬೆಳೆದಿದೆ ಎಂಬುದು ನಾಜಿರೆಗೆ ಗೊತ್ತಿರುವಷ್ಟು ಅಲ್ಲಿನ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸ್ಕರ್ಟಿನ ಸೊಂಟ ಬಿಡಿಸುವುದು, ಕೋಟಿನ ಜಿಪ್ ಬದಲಾಯಿಸುವುದು ಅವಳ ಕಸುಬು. ಹೊಸ ಬಟ್ಟೆ ಹೊಲಿಯುವ ಗೊಡವೆಗೆ ಅವಳು ಹೋದವಳಲ್ಲ. ಇನ್ನೊಬ್ಬರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದರಲ್ಲೇ ಮೂವತ್ತು ವರ್ಷ ಕಳೆದಿದ್ದಾಳೆ. ಈಗ ವಯಸ್ಸು ಅರವತ್ತೊಂದು. ಎಡ ಮೊಣಕಾಲು ಮಾತು ಕೇಳುವುದಿಲ್ಲ. ಕಣ್ಣು ಮಾತ್ರ ಇನ್ನೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತದೆ.

ಅಂಗಡಿ ಇರುವುದು ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ. ಕಲ್ಲಿದ್ದಲ ಗಣಿಯವರು ತಮ್ಮ ಕೆಲಸಗಾರರಿಗೆಂದು ಕಟ್ಟಿಸಿದ ಮನೆಗಳು ಅವು. ಗಣಿ ಮುಚ್ಚಿತು, ಕೆಲಸಗಾರರು ಉಳಿದುಕೊಂಡರು. ಅಂಗಡಿಯ ಮೇಲಿನ ಮನೆ ಫ್ರೌ, ಎಂದರೆ ಶ್ರೀಮತಿ, ಕೊವಾಲ್ಕೆಯದು. ಗಣಿಯಲ್ಲಿ ದುಡಿದವನ ವಿಧವೆ, ಎಂಬತ್ತರ ಹತ್ತಿರ. ಮೆಟ್ಟಿಲು ಗುಡಿಸುವ ಸರದಿ ಯಾವ ವಾರ ಯಾರದು ಎಂಬ ರಟ್ಟಿನ ಚೀಟಿಯನ್ನು ಬಾಗಿಲಿನಿಂದ ಬಾಗಿಲಿಗೆ ತಗುಲಿಹಾಕುತ್ತ ಹೋಗುವುದು ಆಕೆಯೇ. ಸರದಿ ತಪ್ಪಿಸಿದವರನ್ನು ಆಕೆ ಬೈಯುವುದಿಲ್ಲ, ಗುಡ್ ಮಾರ್ನಿಂಗ್ ಹೇಳುವುದನ್ನು ನಿಲ್ಲಿಸುತ್ತಾಳೆ. ಅದರ ಮೇಲಿನ ಮಹಡಿಯಲ್ಲಿ ಎದುರುಬದುರು ಎರಡು ಬಾಗಿಲು. ಒಂದು ನಾಜಿರೆಯದು, ಇನ್ನೊಂದು ಹಾಜೆರ್ ಅಕ್ಕನದು. ಹಾಜೆರ್ ಸಹ ನಾಜಿರೆಯ ಹಾಗೆ ದೂರದ ಸಿವಾಸ್ ಸೀಮೆಯಿಂದ ಈ ಪರದೇಶಕ್ಕೆ ಬಂದವಳೇ, ನಾಜಿರೆಗಿಂತ ಆರು ವರ್ಷಕ್ಕೆ ದೊಡ್ಡವಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿ ತುಳುಕುವ ಮನೆ ಅದು. ನಾಜಿರೆಯ ಮನೆಯಲ್ಲಿ ನಾಜಿರೆ ಒಬ್ಬಳೇ.

ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಅವಳ ಮೈದುನ ಸೆತ್ತಾರ್ ಬರುತ್ತಾನೆ. ಕೈಯಲ್ಲಿ ಟೊಮೆಟೊ, ಸೊಪ್ಪು, ಬಿಸಿ ಬ್ರೆಡ್ಡಿನ ಚೀಲ. ಬಂದವನು ಬಾಗಿಲ ಹೊರಗಿನ ಕಾಲೊರಸಿನ ಮೇಲೆ ನಿಲ್ಲುತ್ತಾನೆ, ಬೂಟು ಬಿಚ್ಚುವುದಿಲ್ಲ, ಒಳಗೆ ಕಾಲಿಡುವುದಿಲ್ಲ. ನಾಜಿರೆ ಸಣ್ಣ ಗಾಜಿನ ಲೋಟದಲ್ಲಿ ಚಹಾ ಸುರಿದು ಬಾಗಿಲಾಚೆಗೆ ಕೈ ಚಾಚುತ್ತಾಳೆ. ಅವನು ಮೆಟ್ಟಿಲ ಕಂಬಿಗೆ ಒರಗಿ, ಹತ್ತುವವರಿಗೂ ಇಳಿಯುವವರಿಗೂ ಕಾಣುವ ಹಾಗೆ ನಿಂತು, ಅದನ್ನು ಕುಡಿದು ಲೋಟ ವಾಪಸು ಕೊಟ್ಟು ಹೋಗುತ್ತಾನೆ. ಚಳಿಗಾಲದಲ್ಲಿಯೂ ಅಷ್ಟೇ. ಹದಿನೆಂಟು ವರ್ಷದಿಂದ ಇದೇ ನಡೆದಿದೆ. ಆ ಮನುಷ್ಯನಿಗೇನು ಅಂಟುರೋಗವೇ ಎಂದು ಫ್ರೌ ಕೊವಾಲ್ಕೆ ಒಮ್ಮೆ ಕೇಳಿದ್ದಳು. ನಾಜಿರೆ ನಕ್ಕು ಮಾತು ತೇಲಿಸಿದ್ದಳು.

ಹದಿನೆಂಟು ವರ್ಷದ ಹಿಂದೆ ಆ ಅಂಗಡಿ ಅವಳ ಗಂಡ ರಿಫತ್‌ನದಾಗಿತ್ತು. ಬೂಟಿಗೆ ಹೊಸ ಅಟ್ಟೆ ಹೊಡೆಯುತ್ತಿದ್ದ, ಬೀಗದ ಕೈ ಮಾಡಿಕೊಡುತ್ತಿದ್ದ. ಮೂಲೆಯಲ್ಲಿ ಅವಳ ಹೊಲಿಗೆ ಯಂತ್ರ. ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅವಳು ಅಂಚೆ ಕಚೇರಿಗೆಂದು ಹೋಗಿ ಅರ್ಧ ಗಂಟೆಯಲ್ಲಿ ವಾಪಸು ಬಂದಳು. ಅಷ್ಟರಲ್ಲಿ ರಿಫತ್ ಗಲ್ಲಾದ ಹಿಂದೆ ಮಲಗಿದ್ದ. ಯಾರೋ ಎರಡು ಗುಂಡು ಹೊಡೆದು ಹೋಗಿದ್ದರು. ಡ್ರಾಯರಿನಲ್ಲಿದ್ದ ದುಡ್ಡು ಹಾಗೇ ಇತ್ತು. ಗಲ್ಲಾದ ಮೇಲೆ ಎರಡು ಚಹಾ ಲೋಟಗಳಿದ್ದವು, ಒಂದು ಖಾಲಿ, ಇನ್ನೊಂದರಲ್ಲಿ ಅರ್ಧ ಚಹಾ.

ಆ ಎರಡು ಲೋಟಗಳೇ ಅವಳ ಬಾಳನ್ನು ಮುಳುಗಿಸಿದವು. ಇನ್‌ಸ್ಪೆಕ್ಟರ್ ಅದನ್ನೇ ಹಿಡಿದುಕೊಂಡು ಕೂತ.

"ಗುರುತು ಪರಿಚಯ ಇಲ್ಲದವನಿಗೆ ಯಾರಮ್ಮ ಚಹಾ ಕೊಡ್ತಾರೆ? ಬಂದವನು ನಿಮ್ಮ ಪೈಕಿಯವನೇ."

"ನಾವು ಕೊಡ್ತೀವಿ," ಎಂದಳು ನಾಜಿರೆ. "ಬೀಗದ ಕೈ ಮಾಡಿಸೋಕೆ ಬಂದು ಕೂತವರಿಗೆಲ್ಲ ಕೊಡ್ತಿದ್ರು. ಒಂದ್ಸಲ ವಿದ್ಯುತ್ ಮೀಟರ್ ಓದೋಕೆ ಬಂದವನಿಗೆ ಮೂರು ಲೋಟ ಕುಡಿಸಿದ್ರು."

ಅವನು ಅದನ್ನು ಬರೆದುಕೊಳ್ಳಲಿಲ್ಲ. ಎರಡು ವಾರದ ಹಿಂದೆ ಅಂಗಡಿಯ ಷಟರಿನ ಮೇಲೆ ಯಾರೋ ಚೀಟಿ ಅಂಟಿಸಿದ್ದರು, ಪರದೇಶಿಗಳು ಜಾಗ ಖಾಲಿ ಮಾಡಿ ಎಂದು ಬರೆದಿತ್ತು, ಬೋಳು ತಲೆಯ ಇಬ್ಬರು ಹುಡುಗರು ಎರಡು ಸಲ ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು ಎಂದು ಅವಳು ಹೇಳಿದಳು. ಚೀಟಿ ಎಲ್ಲಿ ಎಂದು ಅವನು ಕೇಳಿದ. ಎಲ್ಲಿಯದು? ಗಿರಾಕಿಗಳು ಬರುವ ಜಾಗ ಚೊಕ್ಕಟವಾಗಿರಲಿ ಎಂದು ಅವಳೇ ಅದನ್ನು ಕತ್ತರಿಯ ಅಲಗಿನಿಂದ ಕೆರೆದು, ಸೋಪುನೀರು ಹಾಕಿ ತಿಕ್ಕಿ ತೊಳೆದಿದ್ದಳು. ಇವತ್ತಿಗೂ ಷಟರ್ ಎಳೆಯುವಾಗ ಅವಳ ಕೈ ಒಂದು ಗಳಿಗೆ ನಿಲ್ಲುತ್ತದೆ. ತನ್ನ ಮೇಲೆಯೇ ಅವಳಿಗೆ ಸಿಟ್ಟು.

ಆಮೇಲೆ ಪೊಲೀಸರು ಮನೆಮನೆಗೆ ಹೋದರು. ಗಂಡ ಹೆಂಡತಿ ಹೇಗಿದ್ದರು, ಮೈದುನ ಎಷ್ಟು ಸಲ ಬರುತ್ತಾನೆ, ಗಂಡ ಇಲ್ಲದಾಗಲೂ ಬರುತ್ತಾನೆಯೇ, ಬಂದರೆ ಬೂಟು ಬಿಚ್ಚಿ ಒಳಗೆ ಹೋಗುತ್ತಾನೆಯೇ ಎಂದೆಲ್ಲ ಕೇಳಿದರು. ಹಾಜೆರ್ ಅಕ್ಕ, ಹೌದು, ಬೂಟು ಬಿಚ್ಚಿಯೇ ಹೋಗುತ್ತಾನೆ ಎಂದಳು. ಸುಳ್ಳೇನಲ್ಲ. ನಮ್ಮ ಮನೆಗಳಿಗೆ ಪೈಪು ರಿಪೇರಿಯವನು ಬಂದರೂ ಬೂಟು ಬಿಚ್ಚದೆ ಒಳಗೆ ಬಿಡುವವರು ಯಾರು? ಆದರೆ ಪೊಲೀಸರ ಕಾಗದದಲ್ಲಿ ಅದೇ ಮಾತು ಬೇರೆ ಬಣ್ಣ ತಾಳಿತು. ಮಕ್ಕಳಿಲ್ಲದ ಹೆಂಗಸು, ಬೂಟು ಬಿಚ್ಚಿ ಒಳಗೆ ಕೂರುವ ಮೈದುನ, ಎರಡು ಲೋಟ ಚಹಾ. ನಿಮ್ಮ ನೆರೆಯವರೇ ಹೇಳಿದ್ದಾರೆ ಎಂದು ಇನ್‌ಸ್ಪೆಕ್ಟರ್ ಅವಳಿಗೆ ಓದಿ ತೋರಿಸಿದ. ಸೆತ್ತಾರ್‌ನನ್ನು ಒಂಬತ್ತು ದಿನ ಇಟ್ಟುಕೊಂಡು ಬಿಟ್ಟರು. ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲ ಎಂದು ಬೀದಿಗೆ ಬಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಸೆತ್ತಾರ್‌ನ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೋದಳು, ತಿರುಗಿ ಬರಲಿಲ್ಲ.

ಏಳನೆಯ ದಿನ ನಾಜಿರೆ ಗಂಡನ ಹೆಸರಿನಲ್ಲಿ ರವೆ ಹಲ್ವ ಹುರಿದಳು. ಸಾವಿನ ಮನೆಯ ಹಲ್ವ ಒಬ್ಬರು ಮಾಡುವ ಅಡುಗೆಯಲ್ಲ. ಬೆಣ್ಣೆಯಲ್ಲಿ ರವೆಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈಬಿಡದೆ ತಿರುವಬೇಕು. ಬಂದವರು ಒಬ್ಬರಾದ ಮೇಲೆ ಒಬ್ಬರು ಸೌಟು ಹಿಡಿದು, ಸತ್ತವರಿಗಾಗಿ ಒಂದು ಪ್ರಾರ್ಥನೆ ಹೇಳಿಕೊಂಡು, ನಾಲ್ಕು ಸುತ್ತು ತಿರುವಿ ಮುಂದಿನವರಿಗೆ ದಾಟಿಸುತ್ತಾರೆ. ಆ ವಾಸನೆ ಮೂಗಿಗೆ ಬಿದ್ದರೆ ನಮ್ಮವರು ಯಾರನ್ನೂ ಕೇಳಬೇಕಾಗಿಲ್ಲ, ಎಲ್ಲಿ ಸಾವಾಗಿದೆಯೆಂದು ಗೊತ್ತಾಗುತ್ತದೆ, ಕಾಲು ತಾನಾಗಿ ಆ ಕಡೆ ನಡೆಯುತ್ತದೆ. ಅವತ್ತು ಒಂದು ಕಾಲೂ ನಡೆಯಲಿಲ್ಲ. ನಾಜಿರೆ ಮುಕ್ಕಾಲು ಗಂಟೆ ಒಬ್ಬಳೇ ತಿರುವಿದಳು. ರಟ್ಟೆ ಸೋತು, ಒಂದು ಕಡೆ ತಳ ಹಿಡಿಯಿತು. ನಾಲ್ಕು ದಿನ ತಾನೇ ತಿಂದು, ಉಳಿದದ್ದನ್ನು ಕಸಕ್ಕೆ ಹಾಕಿದಳು. ಗುಂಡು ಹೊಡೆದವರು ಯಾರೋ ಅವಳಿಗೆ ಗೊತ್ತಿಲ್ಲ. ಬಾರದೆ ಹೋದವರು ಯಾರೆಂದು ಗೊತ್ತಿತ್ತು. ಅವರೊಡನೆ ಅವಳು ದಿನಾ ಮೆಟ್ಟಿಲಲ್ಲಿ ಮಾತಾಡುತ್ತಾಳೆ, ಈರುಳ್ಳಿ ಕಡ ಕೊಡುತ್ತಾಳೆ. ಮನಸ್ಸು ಮಾತ್ರ ಅವತ್ತಿನಿಂದ ಒಂದೇ ವಿಷಯಕ್ಕೆ ಕಾಯುತ್ತ ಕೂತಿದೆ. ಒಬ್ಬರಾದರೂ ಹೊಸ್ತಿಲು ದಾಟಿ ಬಂದು, ಸಾವಿನ ಮನೆಯಲ್ಲಿ ಹೇಳುವ ಮಾತನ್ನು ಹೇಳಬೇಕು.

ಏಳೆಂಟು ವರ್ಷದ ನಂತರ ದೂರದ ಊರೊಂದರಲ್ಲಿ ಪರದೇಶಿಗಳನ್ನು ಕೊಲ್ಲುತ್ತಿದ್ದ ಅಂಥ ಬೋಳುತಲೆಗಳ ಗುಂಪೊಂದು ಸಿಕ್ಕಿಬಿತ್ತೆಂದು ಪತ್ರಿಕೆಯಲ್ಲಿ ಬಂತು. ನಾಜಿರೆ ಪೊಲೀಸರಿಗೆ ಕಾಗದ ಬರೆಸಿದಳು. ನಿಮ್ಮ ಗಂಡನ ಪ್ರಕರಣಕ್ಕೂ ಇದಕ್ಕೂ ಸಂಬಂಧವಿದೆ ಎನ್ನಲಾಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಕಾಗದವನ್ನು ಅವಳು ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಎಷ್ಟು ಸಲ ಓದಿದರೂ ಅದು ಸಮಾಧಾನದ ಮಾತೋ, ಕೈ ತೊಳೆದುಕೊಂಡ ಮಾತೋ ತಿಳಿಯಲಿಲ್ಲ.

ಇನ್ನು ಸೆತ್ತಾರ್. ಕೇಬಲ್ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನು ಟಿವಿ ನಾಟಕಗಳಲ್ಲಿ ಹಿಂದೆ ನಿಲ್ಲುವ ಜನರ ಪೈಕಿ ಸೇರಿಕೊಂಡ. ಮೀಸೆ ಇದೆ, ಮುಖದಲ್ಲಿ ಬೇಸರ ಇದೆ, ಅಂಥ ಮುಖಕ್ಕೆ ಅಲ್ಲಿ ಬೇಡಿಕೆ. ಟ್ಯಾಕ್ಸಿಯವನಾಗಿದ್ದಾನೆ, ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡಿದ್ದಾನೆ, ಮೂರು ಸಲ ಅರೆಸ್ಟ್ ಆಗಿದ್ದಾನೆ. ಕಳೆದ ವರ್ಷ ಒಂದು ಶನಿವಾರ ಮೆಟ್ಟಿಲ ಕಂಬಿಗೆ ಒರಗಿ ಚಹಾ ಊದುತ್ತ ಹೇಳಿದ:

"ಅತ್ತಿಗೆ, ಈ ಸಲ ದೊಡ್ಡ ಪಾತ್ರ. ಭಾನುವಾರದ ಪತ್ತೇದಾರಿ ನಾಟಕದಲ್ಲಿ."

"ಮಾತಿದೆಯಾ?"

"ಮಾತಿಲ್ಲ. ಹೆಣ."

ನಾಜಿರೆ ಕೆಟ್ಟದ್ದು ತಟ್ಟದಿರಲಿ ಎಂದು ಕಿವಿಯ ತುದಿ ಹಿಡಿದೆಳೆದುಕೊಂಡು ಬಾಗಿಲ ಮರಕ್ಕೆ ಮೂರು ಸಲ ಕುಟ್ಟಿದಳು. "ನಿನ್ನ ಬಾಯಿಗಿಷ್ಟು! ಯಾರ ಹೆಣ?"

"ಅಂಗಡಿಯವನೊಬ್ಬ. ನಮ್ಮವನು." ಅವನು ಲೋಟದ ತಳ ನೋಡಿದ. "ಕೊಂದವರು ಆ ಜನ. ಬೋಳುತಲೆಯವರು."

"ಯಾವ ಅಂಗಡಿ?"

"ಹೂವಿಂದು."

"ಹೂವಿಂದಾದ್ರೆ ಸರಿ," ಎಂದಳು ನಾಜಿರೆ. ಏಕೆ ಸರಿ ಎಂದು ಅವಳಿಗೂ ಗೊತ್ತಿರಲಿಲ್ಲ.

ಈ ದೇಶದಲ್ಲಿ ಭಾನುವಾರ ಸಂಜೆ ಎಂಟೂಕಾಲರಿಂದ ಒಂಬತ್ತೂಮುಕ್ಕಾಲರವರೆಗೆ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಕೊಲೆ ಮುಗಿದು, ಕೊಲೆಗಾರ ಸಿಕ್ಕ ಮೇಲೆಯೇ ಉಳಿದ ಮಾತು. ಈ ವರ್ಷ ಆ ನಾಟಕ ಬಂದ ಭಾನುವಾರ ಹಾಜೆರ್ ಅಕ್ಕ ಮಕ್ಕಳು ಮರಿಯನ್ನೆಲ್ಲ ಕರೆಸಿಕೊಂಡಿದ್ದಳು. ನಾಜಿರೆಯ ಬಾಗಿಲನ್ನೂ ಬಡಿದಳು.

"ಬಾರೇ, ಸೆತ್ತಾರ್ ಸಾಯೋದು ನೋಡೋಣ. ಸೂರ್ಯಕಾಂತಿ ಬೀಜ ಹುರಿದಿದೀನಿ."

"ತಲೆನೋವು ಅಕ್ಕ."

ತಲೆನೋವಿನವಳು ಎಂಟೂಹದಿನಾಲ್ಕಕ್ಕೆ ಟಿವಿ ಮುಂದೆ ಕೂತಿದ್ದಳು. ಹಾಜೆರ್ ಮನೆಗೆ ಬರುವುದು ಕೇಬಲ್ ಟಿವಿ, ನಾಜಿರೆಯ ಮನೆಗೆ ಇಂಟರ್ನೆಟ್ಟಿನಲ್ಲಿ ಬರುವ ಟಿವಿ, ಅದು ಯಾವಾಗಲೂ ಅರ್ಧ ನಿಮಿಷ ಹಿಂದೆ. ಗೋಡೆಯಾಚೆ ಗುಂಡಿನ ಸದ್ದು ಕೇಳಿದಾಗ ಅವಳ ಟಿವಿಯಲ್ಲಿ ಹೂವಿನಂಗಡಿಯವನು ಇನ್ನೂ ಗುಲಾಬಿಗೆ ನೀರು ಚಿಮುಕಿಸುತ್ತಿದ್ದ. ಅವನು ಸಾಯುತ್ತಾನೆಂದು ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಎದ್ದು ಹೇಳಬೇಕೆನ್ನಿಸಿ ಅವಳ ಕೈ ಸೋಫಾದ ಅಂಚನ್ನು ಹಿಡಿದುಕೊಂಡಿತು. ಆಮೇಲೆ ಇಲ್ಲಿಯೂ ಗುಂಡು ಹಾರಿತು. ಟ್ಯುಲಿಪ್ ಬಕೆಟ್ಟುಗಳ ನಡುವೆ ಸೆತ್ತಾರ್ ಕಣ್ಣು ಮುಚ್ಚಿ ಅಂಗಾತ ಮಲಗಿದ್ದ. ಕಣ್ಣು ಮುಚ್ಚಿದರೆ ಅವನು ಥೇಟ್ ಅಣ್ಣನೇ. ಇಷ್ಟು ವರ್ಷದಲ್ಲಿ ಅದನ್ನು ಅವಳು ಗಮನಿಸಿರಲಿಲ್ಲ, ಕಣ್ಣು ಮುಚ್ಚಿದ ಸೆತ್ತಾರ್‌ನನ್ನು ನೋಡುವ ಪ್ರಸಂಗ ಎಲ್ಲಿ ಬರಬೇಕು?

ಕ್ಯಾಮೆರಾ ಹಾಗೇ ಮೇಲೇರಿ ಮೇಜಿನ ಮೇಲೆ ನಿಂತಿತು. ಮೇಜಿನ ಮೇಲೆ ಎರಡು ಚಹಾ ಲೋಟ. ಒಂದು ಖಾಲಿ, ಒಂದರಲ್ಲಿ ಅರ್ಧ.

ನಾಜಿರೆ ಟಿವಿಯ ಹತ್ತಿರಕ್ಕೆ ಬಗ್ಗಿದಳು. ಇದನ್ನು ಅವರಿಗೆ ಯಾರು ಹೇಳಿದರು? ಇದು ರಿಫತ್‌ನ ಕತೆಯೋ, ಯಾವನೋ ಹೂವಿನವನ ಕತೆಯೋ? ನಾಟಕದ ಮುದುಕ ಇನ್‌ಸ್ಪೆಕ್ಟರ್, ಚಹಾ ಕೊಟ್ಟಿದ್ದಾನೆಂದರೆ ಪರಿಚಯದವನೇ ಎಂದ. ಸತ್ತವನ ಹೆಂಡತಿಯನ್ನು ಕರೆಸಿದ, ತಮ್ಮನನ್ನು ಕರೆಸಿದ. ಆ ಹೆಂಡತಿಯ ಪಾತ್ರದವಳು ತಲೆವಸ್ತ್ರ ಕಟ್ಟಿದ ರೀತಿ ಭೂಮಿಯ ಮೇಲೆ ಯಾರೂ ಕಟ್ಟುವ ರೀತಿಯಲ್ಲ, ಸ್ಕರ್ಟಿನ ಅಂಚು ಬೇರೆ ಸೊಟ್ಟ. ಒಂದು ಗಳಿಗೆ ನಾಜಿರೆ ಕೊಲೆ ಮರೆತು ಆ ಅಂಚನ್ನೇ ನೋಡುತ್ತ ಕೂತಳು. ಗೋಡೆಯಾಚೆ ಅಷ್ಟು ಹೊತ್ತು ಬೀಜ ಒಡೆಯುತ್ತ ಗದ್ದಲ ಮಾಡುತ್ತಿದ್ದ ಮನೆ ಸದ್ದಡಗಿತ್ತು. ಅರ್ಧ ನಿಮಿಷದ ನಂತರ ಅವಳಿಗೆ ಕಾರಣ ತಿಳಿಯಿತು. ಇನ್‌ಸ್ಪೆಕ್ಟರ್ ನೆರೆಮನೆಯವಳನ್ನು ಕೇಳುತ್ತಿದ್ದ, ಮೈದುನ ಎಷ್ಟು ಸಲ ಬರುತ್ತಾನೆ ಎಂದು.

ಆಮೇಲೆ ನಾಟಕದ ಎಳೆ ಪ್ರಾಯದ ಮಹಿಳಾ ಪೊಲೀಸು ಪಕ್ಕದ ಮಾಂಸದಂಗಡಿಗೆ ವಿಚಾರಣೆಗೆಂದು ಹೋದಳು. ಅಂಗಡಿಯವನು ಏನೂ ಕೇಳದೆ ಅವಳ ಕೈಗೊಂದು ಚಹಾ ಲೋಟ ಹಿಡಿಸಿದ. ಅವಳು ಲೋಟ ನೋಡಿದಳು, ಅವನನ್ನು ನೋಡಿದಳು. "ನನ್ನ ಪರಿಚಯ ನಿಮಗೆ ಇದೆಯಾ?" ಎಂದಳು. "ಇಲ್ಲ," ಎಂದ ಅವನು, "ಸಕ್ಕರೆ ಬೇಕಾ?" ಅಷ್ಟೇ. ಅವಳಿಗೆ ಗೊತ್ತಾಗಿಬಿಟ್ಟಿತು. ನಾಜಿರೆ ಗಡಿಯಾರ ನೋಡಿದಳು. ಎರಡು ನಿಮಿಷ ಕೂಡ ಆಗಿರಲಿಲ್ಲ. ಅವಳು ಅದೇ ಮಾತನ್ನು ಎಷ್ಟು ಕುರ್ಚಿಗಳ ಮೇಲೆ ಕೂತು, ಎಷ್ಟು ಜನರಿಗೆ, ಎಷ್ಟು ತಿಂಗಳು ಹೇಳಿದ್ದಳು.

ಒಂಬತ್ತೂವರೆಗೆ ಕೊಲೆಗಾರ ಸಿಕ್ಕ. ತಲೆ ಬೋಳಲ್ಲ, ನೋಡಲು ಸಭ್ಯ ಹುಡುಗ, ಕ್ರಾಪು ಬಾಚಿಕೊಂಡವನು, ಅವನ ಫೋನಿನಲ್ಲಿ ಪರದೇಶಿಗಳ ಅಂಗಡಿಗಳ ಪಟ್ಟಿ. ಕೊನೆಗೆ ಮುದುಕ ಇನ್‌ಸ್ಪೆಕ್ಟರ್ ಆ ಹೆಂಗಸಿನ ಮನೆಗೆ ಹೋಗಿ, ನಮ್ಮಿಂದ ತಪ್ಪಾಯಿತು ಎಂದ. ಆ ಮಾತು ನಾಜಿರೆಯ ಟಿವಿಗೆ ಬರುವ ಮೊದಲೇ ಗೋಡೆಯಾಚೆ ಯಾರೋ ಅಳುವುದು ಕೇಳಿಸಿತು. ಸೊಸೆಯೋ, ಹಾಜೆರಳೋ ತಿಳಿಯಲಿಲ್ಲ. ನಾಟಕ ಮುಗಿದ ಮೇಲೆ ನಾಜಿರೆ ಎದ್ದು ಹಜಾರ ಗುಡಿಸಿದಳು, ದಿಂಬುಗಳನ್ನು ತಟ್ಟಿ ನೇರ ಮಾಡಿದಳು, ಬಾಗಿಲ ಎದುರಿಗೆ ಒಂದು ಕುರ್ಚಿ ಹಾಕಿದಳು. ಯಾರೂ ಬರಲಿಲ್ಲ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಅದೇ ಮಾತು. "ಸದ್ಯ, ಸಿಕ್ಕಿಬಿದ್ದನಲ್ಲ," ಎಂದ ಒಬ್ಬ, ಪ್ಯಾಂಟಿನ ಚೀಲ ಗಲ್ಲಾದ ಮೇಲಿಟ್ಟು. ರಿಫತ್ ಬಿದ್ದಿದ್ದ ಜಾಗಕ್ಕೂ ಅವನ ಬೂಟಿಗೂ ಒಂದು ಮೊಳ ದೂರ. ಯಾವನು ಸಿಕ್ಕಿಬಿದ್ದ ಎಂದು ನಾಜಿರೆ ಕೇಳಿಯೇಬಿಡುತ್ತಿದ್ದಳು. ಹೌದು ಹೌದು ಎಂದು ಅಳತೆ ಪಟ್ಟಿ ತೆಗೆದಳು. ಅವತ್ತು ಅವಳು ಮೂವತ್ತು ವರ್ಷದಲ್ಲಿ ಮಾಡದ ತಪ್ಪು ಮಾಡಿದಳು. ಒಂದೇ ಪ್ಯಾಂಟಿನ ಎಡಗಾಲನ್ನು ಎರಡು ಸಲ ಕತ್ತರಿಸಿದಳು. ಬಲಗಾಲು ಹಾಗೇ ಉದ್ದ ಉಳಿಯಿತು. ಅದನ್ನು ಮೇಜಿನ ಮೇಲೆ ಹರಡಿ ತುಸು ಹೊತ್ತು ನೋಡಿ, ಒಂದು ಗಂಟೆಗೆ ಷಟರ್ ಎಳೆದು ಮೇಲೆ ಹೋದಳು.

ಅಡುಗೆಮನೆಯಲ್ಲಿ ಅವಳ ಕೈ ತಾನಾಗಿ ದೊಡ್ಡ ಬಾಣಲೆಗೆ ಹೋಯಿತು. ಬೆಣ್ಣೆ ಕರಗಿತು, ಒಂದು ಹಿಡಿ ಪೈನ್ ಬೀಜ ಬಿತ್ತು, ರವೆ ಬಿತ್ತು. ಯಾರಿಗೆ ಎಂದು ಅವಳು ನಿಶ್ಚಯಿಸಿರಲಿಲ್ಲ. ಸೆತ್ತಾರ್ ಲಕ್ಷಾಂತರ ಜನರ ಮುಂದೆ ಸತ್ತು ಮಲಗಿದ್ದಾನೆ, ಅದನ್ನು ಹಾಗೇ ಬಿಟ್ಟರೆ ಕೆಟ್ಟದ್ದು ಎಂದು ಒಂದು ಮನಸ್ಸು. ಅಷ್ಟು ಜನ ಸೇರಿ ಮಾಡಿದ ನಾಟಕದಲ್ಲಿ ಆ ಹೂವಿನವನಿಗೆ ಹಲ್ವ ಹುರಿಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು ಇನ್ನೊಂದು ಮನಸ್ಸು. ಮೂರನೆಯದೊಂದಿತ್ತು, ಅದರ ಹತ್ತಿರ ಅವಳು ಹೋಗಲಿಲ್ಲ. ಸುಮ್ಮನೆ ತಿರುವತೊಡಗಿದಳು. ರವೆ ಬಿಳಿ ಬಿಟ್ಟು ಹೊಂಬಣ್ಣಕ್ಕೆ ಹೊರಳುವಾಗ ವಾಸನೆ ಎದ್ದಿತು. ಬಾಗಿಲ ಸಂದಿಯಿಂದ ಹೊರಟು ಮೆಟ್ಟಿಲಿಳಿದು ಬೀದಿಗೂ ಹೋಯಿತು.

ಐದು ನಿಮಿಷವಾಗಿರಲಿಲ್ಲ, ಹಾಜೆರ್ ಅಕ್ಕ ಬಾಗಿಲು ದೂಡಿಕೊಂಡು ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ.

"ಯಾರೇ ಹೋದದ್ದು?"

ಹದಿನೆಂಟು ವರ್ಷದ ನಂತರ ಈ ಹೆಂಗಸು ತನ್ನ ಅಡುಗೆಮನೆಯಲ್ಲಿ ನಿಂತಿದ್ದಾಳೆ. ನಾಜಿರೆ ಅದನ್ನೇ ನೋಡುತ್ತಿದ್ದಳು.

"ಸೆತ್ತಾರಾ?" ಹಾಜೆರ್ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ. ನಿನ್ನೆ ತಾನೇ ಸತ್ತ. ಅಲ್ಲ, ಸತ್ತ ಅಂದ್ರೆ ಟಿವಿಲಿ. ಹೃದಯಾನಾ? ನಾನು ಅಂದ್ಕೊಂಡೆ, ಅಂಥ ಪಾತ್ರ ಮಾಡಬಾರದು ಅಂತ. ತಡಿ, ನೀನು ತಿರುವ್ತಾ ಇರು, ನಾನು ಎಲ್ಲರಿಗೂ ಹೇಳ್ತೀನಿ."

"ಅಕ್ಕ, ಅದು ಹಾಗಲ್ಲ," ಎನ್ನುವಷ್ಟರಲ್ಲಿ ಹಾಜೆರ್ ಫೋನು ಹಿಡಿದು ಆಚೆ ಹೋಗಿಯಾಗಿತ್ತು.

ತಿರುವುವ ಕೈ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ತಳ ಹಿಡಿಯುತ್ತದೆ. ನಾಜಿರೆ ಒಲೆ ಬಿಟ್ಟು ಕದಲಲಿಲ್ಲ. ಬೀದಿಯ ಆ ತುದಿ ಈ ತುದಿಯಿಂದ ಹೆಂಗಸರು ಬಂದರು, ಹಿಂದೆ ನಾಲ್ಕೈದು ಗಂಡಸರೂ ಬಂದರು. ಬಾಗಿಲಲ್ಲಿ ಬೂಟು ಚಪ್ಪಲಿಗಳ ರಾಶಿ ಬಿತ್ತು. ಹಜಾರದಲ್ಲಿ ಎಳೆದ ದನಿಯ ಪ್ರಾರ್ಥನೆ ಶುರುವಾಯಿತು. ಎಷ್ಟು ಒಳ್ಳೇ ಮನುಷ್ಯ, ಯಾರಿಗೂ ಕೆಟ್ಟದ್ದು ಮಾಡಿದವನಲ್ಲ ಎಂದು ಒಬ್ಬಳು ಕಣ್ಣನ್ನು ತೋಳಿನಿಂದ ಒರಸಿಕೊಂಡಳು. ಪೊಲೀಸರು ಕೇಳಿದಾಗ ಇದನ್ನೇ ಹೇಳಬಹುದಿತ್ತಲ್ಲ ಎಂದು ನಾಜಿರೆಗೆ ಸಿಟ್ಟು ಉಕ್ಕಿತು. ಅದರ ಜೊತೆಗೇ, ಮನೆಯಲ್ಲಿ ಇಷ್ಟು ಜನ ಕೂತಿದ್ದಾರೆ ಎಂದು ಎದೆ ತುಂಬಿ ಬಂತು. ಎರಡರಲ್ಲಿ ಯಾವುದು ನಿಜ? ಸಿಟ್ಟು ಮಾಡಬೇಕೋ, ಕೂರಿ ಎನ್ನಬೇಕೋ ತಿಳಿಯದೆ ಅವಳು ರವೆಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಫ್ರೌ ಕೊವಾಲ್ಕೆ ಕೈಕೋಲು ಊರಿಕೊಂಡು ಮೇಲೆ ಬಂದಳು.

"ಒಂದರಿಂದ ಮೂರರವರೆಗೆ ಸದ್ದು ಮಾಡಬಾರದು ಅಂತ ನಿಯಮ ಇದೆ," ಎಂದವಳು ಚಪ್ಪಲಿ ರಾಶಿ ನೋಡಿ ದನಿ ತಗ್ಗಿಸಿದಳು. "ಯಾರು ತೀರ್ಕೊಂಡ್ರು?"

"ಸೆತ್ತಾರ್," ಎಂದಳು ಹಾಜೆರ್.

"ಆ ಮನುಷ್ಯ ನಿನ್ನೆ ಎಂಟೂವರೆಗೇ ತೀರ್ಕೊಂಡ್ರಲ್ಲ. ನಾನೇ ನೋಡಿದೆ."

"ಅದು ನಾಟಕ. ಇವತ್ತು ನಿಜವಾಗಿ."

ಫ್ರೌ ಕೊವಾಲ್ಕೆ ಇದನ್ನು ಅರಗಿಸಿಕೊಳ್ಳುತ್ತಿರುವಾಗಲೇ ಕೆಳಗಿನಿಂದ ಯಾರೋ ಎರಡೆರಡು ಮೆಟ್ಟಿಲು ಹಾರಿ ಏದುಸಿರು ಬಿಡುತ್ತ ಬಂದರು. ಸೆತ್ತಾರ್. ಅಣ್ಣನ ಮನೆಯಲ್ಲಿ ಸಾವಾಗಿದೆ ಎಂದಷ್ಟೇ ಯಾರೋ ಕಾಫಿ ಅಂಗಡಿಯಲ್ಲಿ ಹೇಳಿದ್ದರು. ಆ ಮನೆಯಲ್ಲಿ ಇರುವವಳು ಒಬ್ಬಳೇ. ಕೈಯಲ್ಲಿ ಇಸ್ಪೀಟಿನ ಎಲೆಗಳು ಹಾಗೇ ಇದ್ದವು. ಕಾಲೊರಸಿನ ಮೇಲೆ ಬಂದು ನಿಂತ, ಅದರಾಚೆ ಕಾಲಿಡಲಿಲ್ಲ.

"ಅತ್ತಿಗೆಗೆ ಏನಾಯ್ತು?"

ಹಜಾರದಲ್ಲಿದ್ದ ಒಬ್ಬಳು ದೇವರ ಹೆಸರು ಹೇಳಿ ಗೋಡೆ ಹಿಡಿದುಕೊಂಡಳು. ಪ್ರಾರ್ಥನೆ ಅರ್ಧಕ್ಕೆ ನಿಂತಿತು.

"ನೀನು ಸತ್ತಿಲ್ವೇನೋ?" ಎಂದಳು ಹಾಜೆರ್, ಬೈಯುವ ದನಿಯಲ್ಲಿ.

"ಸತ್ತಿದ್ದು ನಿನ್ನೆ ಅಕ್ಕ. ಅದು ಮುಗೀತಲ್ಲ." ಅವನು ಕತ್ತು ಚಾಚಿ ಒಳಗೆ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಅತ್ತಿಗೆ ಕಂಡಳು. ಅವನ ಮುಖದ ಬಣ್ಣ ಮರಳಿತು.

ನಾಜಿರೆ ಅಲ್ಲಿಂದಲೇ ಕೇಳಿದಳು, ಕೈ ತಿರುವುತ್ತಲೇ ಇತ್ತು. "ಎರಡು ಲೋಟದ ವಿಷಯ ಅವರಿಗೆ ಯಾರು ಹೇಳಿದ್ದು ಸೆತ್ತಾರ್?"

ಅವನು ಇಸ್ಪೀಟೆಲೆಗಳನ್ನು ಜೇಬಿಗೆ ತುರುಕಿದ.

"ನಾನೇ. ಅವರು ಮೇಜಿನ ಮೇಲೆ ಕ್ಯಾಶ್ ಪೆಟ್ಟಿಗೆ ಇಟ್ಟಿದ್ರು, ಕಾಗದದ ಕಪ್ಪಲ್ಲಿ ಕಾಫಿ ಇಟ್ಟಿದ್ರು. ನಾನು ಕೆಳಗೆ ಹೆಣವಾಗಿ ಮಲಗಿದ್ದೆ, ಎಲ್ಲ ಕಾಣ್ತಿತ್ತು. ತಡೀಲಿಲ್ಲ ಅತ್ತಿಗೆ. ಎದ್ದು ಕೂತೆ. ನಮ್ಮವನ ಅಂಗಡೀಲಿ ಕಾಗದದ ಕಪ್ಪು ಇರಲ್ಲ, ಚಹಾ ಇರುತ್ತೆ, ಎರಡು ಲೋಟ ಇರುತ್ತೆ ಅಂದೆ. ಯಾಕೆ ಎರಡು ಅಂತ ಡೈರೆಕ್ಟರ್ ಕೇಳ್ದ. ಹೇಳ್ದೆ. ಎಲ್ಲ ಹೇಳ್ದೆ. ಅರ್ಧ ಗಂಟೆ ಕ್ಯಾಮೆರಾ ನಿಲ್ಲಿಸಿ ಕೇಳಿಸ್ಕೊಂಡ. ಬರ್ಕೊಂಡ. ಹದಿನೆಂಟು ವರ್ಷದಲ್ಲಿ ಬರ್ಕೊಂಡವನು ಅವನೊಬ್ಬನೇ. ನಿನಗೆ ಹೇಳೋಕೆ ಧೈರ್ಯ ಆಗಲಿಲ್ಲ."

ಫ್ರೌ ಕೊವಾಲ್ಕೆ ಅಷ್ಟು ಹೊತ್ತಿಗೆ ಕೈಕೋಲನ್ನು ಗೋಡೆಗೆ ಒರಗಿಸಿ, ಬಾಗಿಲ ಎದುರು ನಾಜಿರೆ ನಿನ್ನೆ ಹಾಕಿದ್ದ ಕುರ್ಚಿಯಲ್ಲಿ ಕೂತಿದ್ದಳು. ಎಲ್ಲರೂ ನುಂಗಿಕೊಂಡಿದ್ದ ಪ್ರಶ್ನೆಯನ್ನು ಆಕೆಯೇ ಕೇಳಿದಳು.

"ಇವರು ಬದುಕಿದ್ದಾರೆ, ನೀವೂ ಬದುಕಿದ್ದೀರಿ. ಹಾಗಾದ್ರೆ ಇದು ಯಾರಿಗೆ?"

ಬಂದವರನ್ನು ನಾಜಿರೆ ಒಬ್ಬೊಬ್ಬರನ್ನಾಗಿ ನೋಡಿದಳು. ಸೆತ್ತಾರ್‌ಗೆ ದೃಷ್ಟಿ ತಾಗದಿರಲೆಂದು ಹುರಿದೆ ಎಂದುಬಿಡಬಹುದಿತ್ತು. ಎಲ್ಲರೂ ನಕ್ಕು, ಒಂದೊಂದು ತುತ್ತು ತಿಂದು, ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು. ನಾಳೆ ಮತ್ತೆ ಈರುಳ್ಳಿ ಕಡ.

"ರಿಫತ್‌ಗೆ," ಎಂದಳು. "ಅವತ್ತು ಹುರಿದದ್ದು ತಳ ಹಿಡೀತು. ಒಬ್ಬಳ ಕೈಲಿ ಆಗಲಿಲ್ಲ."

ಯಾರಿಗೂ ತಲೆ ಎತ್ತಲಾಗಲಿಲ್ಲ. ಆಮೇಲೆ ಹಾಜೆರ್ ಅಕ್ಕ ಎದ್ದು, ಇದ್ದೊಂದು ಚಪ್ಪಲಿಯನ್ನೂ ಬಿಟ್ಟು ಅಡುಗೆಮನೆಗೆ ಬಂದಳು.

"ಅವತ್ತೂ ಈ ವಾಸನೆ ಬಂತು ನಾಜಿರೆ," ಎಂದಳು. "ನಾನು ಕಿಟಕಿ ಮುಚ್ಕೊಂಡೆ."

"ಗೊತ್ತು. ಸದ್ದು ಕೇಳಿಸ್ತು."

"ಬೂಟು ಬಿಚ್ತಾನೆ ಅಂದವಳೂ ನಾನೇ. ಕೇಳಿದ್ರು, ಹೇಳ್ದೆ. ನಿಜಾನೇ ಹೇಳ್ದೆ ಕಣೇ. ನಿಜ ಹೇಳಿ ಹಿಂಗಾಗುತ್ತೆ ಅಂತ ನನಗೇನು ಗೊತ್ತಿತ್ತು?" ಅವಳ ಮುಖ ಮಗುವಿನ ಹಾಗೆ ಸೊಟ್ಟಗಾಯಿತು. "ಆಮೇಲೆ ಗೊತ್ತಾಯ್ತು. ಆಗಲೂ ಬರಲಿಲ್ಲ." ಅವಳು ಸೌಟಿಗೆ ಕೈ ಚಾಚಿದಳು. "ನಿನ್ನ ತಲೆ ಗಟ್ಟಿಯಾಗಿರಲಿ. ಅವನಿಗೆ ಒಳ್ಳೇ ಜಾಗ ಸಿಗಲಿ."

ಸಾವಿನ ಮನೆಯಲ್ಲಿ ಹೇಳುವ ಮಾತು ಅಷ್ಟೇ. ಇಷ್ಟು ಚಿಕ್ಕ ಮಾತೇ ಅದು? ನಾಜಿರೆ ಬೇರೇನೋ ಆಗುತ್ತದೆ, ಎದೆಯ ಮೇಲಿನ ಕಲ್ಲು ಉರುಳುತ್ತದೆ ಎಂದುಕೊಂಡಿದ್ದಳು. ಉರುಳಿತೋ ಇಲ್ಲವೋ ತಿಳಿಯಲಿಲ್ಲ. ಕ್ಷಮಿಸಿದೆನೋ ಇಲ್ಲವೋ ಅದೂ ತಿಳಿಯಲಿಲ್ಲ. ಗುಂಡು ಹೊಡೆದವನು ಎಲ್ಲೋ ಇದ್ದಾನೆ, ನಿನ್ನೆ ಅವನೂ ಟಿವಿ ಮುಂದೆ ಕೂತಿದ್ದನೋ ಏನೋ. ರಟ್ಟೆ ಮಾತ್ರ ಸೋತಿತ್ತು, ಅದೊಂದು ನಿಜ. ಅವಳು ಸೌಟು ಬಿಟ್ಟುಕೊಟ್ಟಳು. ಹಾಜೆರ್ ನಾಲ್ಕು ಸುತ್ತು ತಿರುವಿ ಹಿಂದಿನವಳಿಗೆ ಕೊಟ್ಟಳು, ಅವಳು ಇನ್ನೊಬ್ಬಳಿಗೆ. ಫ್ರೌ ಕೊವಾಲ್ಕೆಯೂ ಎದ್ದು ಬಂದು, ಏನು ಹೇಳಬೇಕೆಂದು ಗೊತ್ತಿಲ್ಲದೆ, "ಚಳಿಗಾಲದ ಬೂಟಿಗೆ ಅವರು ಹಾಕಿದ ಅಟ್ಟೆ ಇನ್ನೂ ಗಟ್ಟಿಯಿದೆ," ಎಂದು ಬಾಣಲೆಗೆ ಹೇಳಿ ತಿರುವಿದಳು.

ಸರದಿ ಮುಗಿಯುತ್ತ ಬಂದಾಗ ಹಾಜೆರ್ ಬಾಗಿಲ ಕಡೆ ತಿರುಗಿದಳು. ಸೆತ್ತಾರ್ ಇನ್ನೂ ಕಾಲೊರಸಿನ ಮೇಲೆಯೇ ಇದ್ದ.

"ಎಷ್ಟೊತ್ತು ಅಂತ ಅಲ್ಲಿ ನಿಂತಿರ್ತೀಯೋ? ಅಣ್ಣನ ಹಲ್ವ. ಬೂಟು ಬಿಚ್ಚಿ ಒಳಗೆ ಬಾ."

ಆ ಮಾತಿಗೆ ಇಡೀ ಮನೆ ತಿರುಗಿ ನೋಡಿತು. ಸೆತ್ತಾರ್ ಅತ್ತಿಗೆಯ ಮುಖ ನೋಡಿದ. ಅವಳು ಬಾಗಿಲಿಗೆ ಬಂದು, ಅವನು ಕಾಲಿಡಲು ಜಾಗವಾಗಲೆಂದು ಎದುರಿಗಿದ್ದ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿದಳು. ಅವನು ಬಗ್ಗಿ ಲೇಸು ಬಿಚ್ಚತೊಡಗಿದ. ಗಂಟು ಬಿಗಿಯಾಯಿತು, ತುಸು ಹೊತ್ತು ಹಿಡಿಯಿತು. ಎಲ್ಲರೂ ಕಾದರು.

ಬೂಟು ಬಿಚ್ಚಿ ಒಳಗೆ ಬಂದವನ ಎರಡು ಕಾಲುಚೀಲದಲ್ಲಿಯೂ ಹೆಬ್ಬೆರಳು ಹೊರಗಿತ್ತು. ಹಿಮ್ಮಡಿ ಸವೆದು ಜಾಳಾಗಿತ್ತು. ಹದಿನೆಂಟು ವರ್ಷ ಅವನ ಎಲ್ಲ ಪ್ಯಾಂಟಿನ ಅಂಚನ್ನೂ ಹೊಲಿದುಕೊಟ್ಟವಳಿಗೆ ಇದು ಗೊತ್ತೇ ಇರಲಿಲ್ಲ. ಅಲ್ಲಿಯವರೆಗೆ ಬಾರದಿದ್ದ ಅಳು ನಾಜಿರೆಗೆ ಆ ಕಾಲುಚೀಲ ನೋಡಿ ಬಂತು. ಅವಳು ತೋಳಿನಿಂದ ಮೂಗು ಒರಸಿಕೊಂಡು, ತಿರುವುತ್ತಿದ್ದವಳಿಂದ ಸೌಟು ಇಸಿದುಕೊಂಡು ಮೈದುನನ ಕೈಗೆ ಕೊಟ್ಟಳು.

"ತಳ ಹಿಡಿಯೋಕೆ ಬಿಡಬೇಡ," ಎಂದಳು.